ನನ್ನನ್ನು ಕಂಡೊಡನೆ ತಮಿಳು

ಕಳೆದ ವರ್ಷ ಜುಲೈ ತಿಂಗಳ ಒಂದು ಮಂಗಳವಾರ, ಕೊಯಮತ್ತೂರಿನ ಕಾಲೇಜೊಂದರಲ್ಲಿ ನಾನು ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಹಾಕಿಕೊಂಡು ಐದು ನಿಮಿಷ ಬಸ್ಸಿನಲ್ಲಿ ಕುಳಿತೆ. ಜನರಿಗೆ ಅಪರಿಚಿತರ ಮೇಲೆ ಎಷ್ಟು ನಂಬಿಕೆ, ಎಷ್ಟು ಶಂಕೆ ಎಂಬುದರ ಅಧ್ಯಯನ ಅದು. ನಿವೃತ್ತರು ಬೇಕೆಂದು ನೋಟಿಸ್ ಹಾಕಿದ್ದರು. ಪತ್ರಿಕೆಯ ಕರಡು ತಿದ್ದುವ ಕೆಲಸ ಬಿಟ್ಟಮೇಲೆ ನನಗೆ ಹಗಲು ಉದ್ದವಾಗಿತ್ತು.

ಆ ಬಸ್ಸಿನಲ್ಲಿ ಕಂಪ್ಯೂಟರ್ ಸೃಷ್ಟಿಸಿದ ಆರು ಜನ. ಮುಂದಿನ ಸೀಟಿನ ಇಬ್ಬರು ಹೆಂಗಸರು ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದರು. ಮುಗಿದ ಮೇಲೆ ಸಂಶೋಧಕಿ ಬಸ್ಸಿನವರ ಬಗ್ಗೆ ಪ್ರಶ್ನೆ ಕೇಳಿದಳು. ಅವರಿಬ್ಬರೂ ನನ್ನ ಬಗ್ಗೆ ಕನ್ನಡದಲ್ಲಿ ಆಡಿಕೊಂಡರು ಎಂದೆ.

ಅವರಿಗೆ ಭಾಷೆಯೇ ಇಲ್ಲ, ಬರೀ ಗುಜುಗುಜು ಸದ್ದು ಹಾಕಿದ್ದೇವೆ, ಯಾರ ಬಗ್ಗೆಯೂ ಅವರಿಗೆ ಏನೂ ಅನ್ನಿಸುವುದಿಲ್ಲ ಎಂದು ಅವಳು ತಮಿಳಿನಲ್ಲಿ ವಿವರಿಸಿದಳು.

ನಮ್ಮದು ತಮಿಳುನಾಡಿನಲ್ಲಿ ನೆಲೆಸಿದ, ಕನ್ನಡ ಮನೆಮಾತಿನ ನೇಕಾರರ ಮನೆ. ಸೀರೆ ನೋಡಲು ಬಂದವರ ಜೊತೆ ತಮಿಳು. ಅವರೆದುರೇ ಅವರ ಬಗ್ಗೆ ಆಡುವುದು ಕನ್ನಡ. "ಈಯಪ್ಪ ತಗೊಳಾಕಿಲ್ಲ, ಕಾಪಿ ಕುಡಿಯಾಕೆ ಬಂದವ್ನೆ" ಎಂದು ಅಮ್ಮ ನಗುನಗುತ್ತಲೇ ಹೇಳುತ್ತಿದ್ದಳು. ಹೊರಗಿನವರಿಗೆ ತಮಿಳು, ಒಳಗಿನವರಿಗೆ ಕನ್ನಡ.

ಆ ಅಧ್ಯಯನಕ್ಕೂ ಎರಡು ವರ್ಷ ಹಿಂದೆ ತಿರುಪ್ಪೂರಿನ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ, ಅವಳ ಸೊಸೆ ಕನ್ನಡದಲ್ಲಿ ಮಾತಾಡುತ್ತಿದ್ದವರು ನನ್ನನ್ನು ಕಂಡೊಡನೆ ತಮಿಳಿಗೆ ಹೊರಳಿದರು. ಕಾಫಿ ಮುಗಿಸಿ ಎದ್ದು ಬಂದವನು ಮತ್ತೆ ಹೋಗಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ನನಗಿದ್ದದ್ದು ಅದೊಂದೇ ಮನೆ.

ಸಂಶೋಧಕಿಯ ಮಾತು ಕೇಳಿದ ಮೇಲೆ, ಅಲ್ಲೂ ಇಲ್ಲದ್ದನ್ನು ನಾನೇ ಕಲ್ಪಿಸಿಕೊಂಡೆನೋ ಏನೋ, ಅಕ್ಕನನ್ನೇ ಕೇಳಿಬಿಡೋಣ ಅನ್ನಿಸಿತು. ಭಾನುವಾರ ಗಾಂಧಿಪುರಂನಲ್ಲಿ ಬಸ್ಸು ಹತ್ತಿದೆ.

"ಏನ್ ತಂಬಿ, ದಾರಿ ತಪ್ಪಿ ಬಂದ್ಬಿಟ್ಯಾ?" ಎಂದಳು ಅಕ್ಕ. ಅಂದು ನನ್ನನ್ನು ಕಂಡೊಡನೆ ತಮಿಳಿಗೆ ಹೊರಳಿದ್ದು ಯಾಕೆ ಎಂದು ಕೇಳಿದೆ.

"ಅಡ ಪಾವಿ! ನಮ್ ಸೊಸೆ ತಮಿಳ್ ಹುಡ್ಗಿ, ನನ್ನತ್ರ ಕನ್ನಡ ಕಲೀತವ್ಳೆ. ಅವ್ಳ ಮದ್ವೇಲಿ ಒಂದ್ ಮಾತು ತಪ್ಪಾಡಿದ್ಕೆ ಎಲ್ಲಾರ್ ಮುಂದೆ ತಿದ್ದುದ್ಯಲ್ಲ, ಮರ್ತೋಯ್ತಾ? ಆಪೀಸ್ನಲ್ಲಿ ತಪ್ಪು ಹುಡ್ಕಿದ್ದು ಸಾಲ್ದಾ ನಿಂಗೆ? ನಿನ್ನ ಕಂಡ್ರೆ ಭಯ ಅವ್ಳಿಗೆ."

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಇನ್ನು ತಿದ್ದುವುದಿಲ್ಲ ಎಂದು ಅವಳಿಗೆ ಕನ್ನಡದಲ್ಲಿ ಹೇಳಿದೆ. ಪರವಾಗಿಲ್ಲ ಎಂದು ತಮಿಳಿನಲ್ಲಿ ಹೇಳಿ ಒಳಗೆ ಹೋದಳು.

ಆಮೇಲೆ ತಿಂಗಳಿಗೊಮ್ಮೆ ಹೋಗುತ್ತಿದ್ದೇನೆ. ಕಳೆದ ಭಾನುವಾರ ಅವಳ ಕನ್ನಡ ಗೇಟಿನವರೆಗೂ ಕೇಳಿಸುತ್ತಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋದೆ.

"ವಾಂಗ ಮಾಮಾ, ಉಕ್ಕಾರುಂಗ" ಎಂದು ತಮಿಳಿನಲ್ಲೇ ಹೇಳಿ ಕುರ್ಚಿ ತೋರಿಸಿದಳು.