ಅಂಚಿನ ತೂತುಗಳು

ಹರಿಗೋಲಿನ ತೂತು ಹುಡುಕಲು ಇಬ್ಬರು ಬೇಕು. ಬೇಸಿಗೆಯ ನಡುಮಧ್ಯಾಹ್ನ ಅದನ್ನು ಹೊಳೆದಂಡೆಯ ಮೇಲೆ ಬೋರಲು ಹಾಕಿ, ಒಂದು ಬದಿಗೆ ಕಲ್ಲು ಕೊಟ್ಟು ಎತ್ತಿ, ಒಬ್ಬರು ಒಳಗೆ ನುಸುಳುತ್ತಾರೆ. ಒಳಗೆ ಕತ್ತಲೆ. ಡಾಂಬರು ಬಿರಿದ ಕಡೆ ಮಾತ್ರ ಸೂಜಿಮೊನೆಯಷ್ಟು ಬಿಸಿಲು ಕಾಣುತ್ತದೆ. ಒಳಗಿನವರು ಅಲ್ಲಿ ಕಡ್ಡಿಯಿಂದ ಕುಟ್ಟಬೇಕು, ಹೊರಗಿನವರು ಸುಣ್ಣದ ಬೊಟ್ಟಿಟ್ಟು ಆಮೇಲೆ ಡಾಂಬರು ಮೆತ್ತಬೇಕು. ನಮ್ಮಲ್ಲಿ ಒಳಗೆ ಹೋಗುವವನು ಅಣ್ಣ, ಹೊರಗೆ ನಾನು.

ದೇವದುರ್ಗದ ಕಡೆಯ ನಮ್ಮೂರಲ್ಲಿ ಅಣ್ಣ ಕೃಷ್ಣೆಯ ಮೇಲೆ ಹರಿಗೋಲು ನಡೆಸುತ್ತಿದ್ದ. ನಾನು ರಾಯಚೂರಿನಲ್ಲಿ ಶಾಲಾ ಶಿಕ್ಷಕಿ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಈ ಕೆಲಸ ನಮ್ಮಿಬ್ಬರದು. ಅಪ್ಪ ಅವ್ವ ಬೇಗ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವನು ಅವನೇ. ಆದರೂ ಬೈಯುವ ಹಕ್ಕು ನನ್ನದೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಮೂರು ವರ್ಷದ ಹಿಂದೆ, ಎಲ್ಲ ಮುಚ್ಚಿದ್ದೇವೆ ಎಂದು ಹೊಳೆಗಿಳಿಸಿದರೆ ಅಂಚಿನ ಬಳಿ ನೀರು ಒಸರಿತು.

"ಒಳಗ ಕುಂತು ನಿದ್ದಿ ಮಾಡ್ದೇನ್ ಯಣ್ಣಾ?" ಎಂದೆ.

"ಡಾಂಬರ ಖೊಟ್ಟಿ ಅದ ಬೇ," ಎಂದ.

ನಂಬಿದೆ. ಮರುವರ್ಷ ರಾಯಚೂರಿನಿಂದ ಹೊಸ ಡಬ್ಬಿ ಹೊತ್ತು ತಂದೆ. ಮತ್ತೆ ಅಂಚಿನಲ್ಲೇ ಸೋರಿತು. ಅದರ ಮರುವರ್ಷ ಇನ್ನೊಂದು ಅಂಗಡಿಯ ಡಬ್ಬಿ, ಆಗಲೂ ಅದೇ ಕಥೆ. ಆ ದಿನಗಳಲ್ಲಿ ಅಣ್ಣ ಡಾಂಬರಿನ ಡಬ್ಬಿ ಎಡವುತ್ತಿದ್ದ, ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದ. "ಧ್ಯಾನ ಎಲ್ಲಿ ಅದ ನಿಂದು?" ಎಂದು ನಾನು ನಗುತ್ತಿದ್ದೆ. ಅವನೂ ನಗುತ್ತಿದ್ದ. ಆ ನಗೆಗಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಹೋದ ದೀಪಾವಳಿಗೆ ದಾರಿಯ ಪಕ್ಕದಲ್ಲಿ ನಿಂತಿದ್ದ ಎಮ್ಮೆಗೇ ಹೋಗಿ ಡಿಕ್ಕಿ ಹೊಡೆದ. ಅಷ್ಟು ದೊಡ್ಡ ಎಮ್ಮೆ. ಆಗ ಹೆದರಿ ರಾಯಚೂರಿಗೆ ಕರೆತಂದೆ. ಕಣ್ಣಿನ ಡಾಕ್ಟರು ಬೆರಳನ್ನು ಅವನ ಕಿವಿಯ ಕಡೆಯಿಂದ ಮೆಲ್ಲಗೆ ಮುಂದಕ್ಕೆ ತಂದರು. ಮೂಗಿನ ಎದುರಿಗೆ ಬಂದ ಮೇಲೆಯೇ ಅಣ್ಣ, "ಹಾಂ, ಈಗ ಕಾಣ್ತದ ನೋಡ್ರಿ," ಎಂದ.

"ಕಣ್ಣಾಗ ಒತ್ತಡ ಏರೇದ್ರಿ. ನೋವಿರಂಗಿಲ್ಲ, ಅಂಚಿನ ದೃಷ್ಟಿ ಮೊದ್ಲು ಹೋಗ್ತದ," ಎಂದರು ಡಾಕ್ಟರು. "ಹೋಗಿದ್ದು ಬರಂಗಿಲ್ಲ. ಎರಡು ಮೂರು ವರ್ಷ ಮೊದ್ಲು ಬಂದಿದ್ರ ಭಾಳ ಉಳಸಬಹುದಿತ್ತು."

ಅಂಚು ಎಂದ ಕೂಡಲೇ ನನಗೆ ಹರಿಗೋಲು ನೆನಪಾಯಿತು. ಅಣ್ಣನಿಗೆ ಕಾಣದೆ ಉಳಿದ ತೂತುಗಳೆಲ್ಲ ಅಂಚಿನವೇ. ಎರಡು ಸಲ ರಾಯಚೂರಿನಿಂದ ಡಾಂಬರು ಒಯ್ದಿದ್ದೆ, ಒಮ್ಮೆಯೂ ಅವನನ್ನು ರಾಯಚೂರಿಗೆ ತಂದಿರಲಿಲ್ಲ.

ಊರಿಗೆ ಮರಳುವಾಗ ಬಸ್ಸಿನಲ್ಲಿ ಅವನು ಹೇಳಿದ: "ವಯಸ್ಸಾದ ಮ್ಯಾಲ ಎಲ್ಲಾರಿಗೂ ಹಿಂಗ ಕಾಣ್ತದ ಅನ್ಕೊಂಡಿದ್ದೆ."

ಈ ಬೇಸಿಗೆ ಎದುರಿನ ದೃಷ್ಟಿಯೂ ಮಸುಕಾಗಿ ಅಣ್ಣ ಹೊಳೆಗಿಳಿಯುವುದನ್ನು ಬಿಟ್ಟ. ಹರಿಗೋಲನ್ನು ಪಕ್ಕದ ಮನೆಯವರಿಗೆ ಕೊಡುವುದಾಗಿ ಹೇಳಿಬಿಟ್ಟಿದ್ದ. ಆದರೆ ಸೋರುವುದನ್ನು ಕೊಡಬಾರದೆಂದು ಹಟ ಹಿಡಿದ. ಮೊದಲ ಬಾರಿಗೆ ಒಳಗೆ ನುಸುಳಿದವಳು ನಾನು. ಅಂಚಿನ ಸುತ್ತ ಸಣ್ಣ ಸಣ್ಣ ಬಿಸಿಲ ಚುಕ್ಕಿಗಳು, ಎಣಿಸಲಾಗದಷ್ಟು. ಇಷ್ಟನ್ನೂ ಕಾಣದೆ ಅವನು ಅಷ್ಟು ವರ್ಷ ಈ ಕತ್ತಲಲ್ಲಿ ಕೂತಿದ್ದ. ನಾನು ಕಡ್ಡಿಯಿಂದ ಕುಟ್ಟಿದೆ. ಸುಣ್ಣದ ಬೊಟ್ಟು ಅವನಿಗೆ ಕಾಣುವುದಿಲ್ಲ, ಹಾಗಾಗಿ ಕುಟ್ಟಿದ ಜಾಗವನ್ನು ಅಂಗೈಯಿಂದ ಹುಡುಕಿ ಅಲ್ಲೇ ಡಾಂಬರು ಮೆತ್ತಿದ. ಚುಕ್ಕಿಗಳು ಒಂದೊಂದಾಗಿ ಆರಿದವು.

"ಇನ್ನ ಎಲ್ಲೆರ ಬೆಳಕು ಕಾಣ್ತದೇನ್ ಬೇ?" ಹೊರಗಿನಿಂದ ಕೇಳಿದ.

ಸುತ್ತಲೂ ನೋಡಿದೆ. "ಇಲ್ಲ ಯಣ್ಣಾ."

"ಹಂಗಾರ ಹೊರಗ ಬಾ."

ಕಣ್ಣೊರೆಸಿಕೊಂಡು ಹೊರಗೆ ತೆವಳಿದೆ. ನನ್ನನ್ನು ಎಬ್ಬಿಸಲು ಅಣ್ಣ ಕೈ ಚಾಚಿ ನಿಂತಿದ್ದ, ನಾನಿಲ್ಲದ ಕಡೆಗೆ. ನಾನು ಸುತ್ತಿಕೊಂಡು ಹೋಗಿ, ಆ ಕೈಯ ಎದುರು ನೆಲಕ್ಕೆ ಕೂತು, ಅದನ್ನು ಹಿಡಿದು ಎದ್ದೆ.