ಪಾತ್ರೆ ಬಿಟ್ಟು ಸೀಗೂರು ಇಳಿದದ್ದು

ನಾನು ಚಿಕ್ಕವನಿದ್ದಾಗ ನಮ್ಮ ಹಟ್ಟಿಯ ಹಿರಿಯರಿಗೆ ಒಂದು ಘನವಾದ ನಂಬಿಕೆಯಿತ್ತು: ಬೆಟ್ಟ ದಾಟುವ ಮನುಷ್ಯನ ಮರ್ಯಾದೆಯೆಲ್ಲ ಅವನ ಜೊತೆ ಬರುವ ಅಡಿಗೆ ಪಾತ್ರೆಯಲ್ಲಿದೆ. ಆ ಪಾತ್ರೆ ಹೊತ್ತವರು ಯಾರೂ ಹೀಗೆ ಹೇಳಿದ್ದನ್ನು ನಾನು ಕೇಳಿಲ್ಲ.

ತುಂಬು ಗಬ್ಬವಾಗಿದ್ದ ನಮ್ಮ ಎಮ್ಮೆ ಒಂದು ಸಂಜೆ ಮನೆಗೆ ಬರಲಿಲ್ಲ. ಮನೆಯ ಹಾಲು, ಬೆಣ್ಣೆಗೆಲ್ಲ ಅದೊಂದೇ ದಿಕ್ಕು. ಮಸಿನಗುಡಿ ಕಡೆಗೆ ಇಳಿಯುವ ಸೀಗೂರು ಇಳಿಜಾರಿನಲ್ಲಿ ಅದನ್ನು ಕಂಡೆವೆಂದು ಸೌದೆ ತರುವವರು ಹೇಳಿದರು. ಅತ್ತ ಹುಲಿಯಿತ್ತು. ಇನ್ನೊಂದು ರಾತ್ರಿ ಕಳೆದರೆ ಹುಡುಕುವ ಶ್ರಮವೇ ಉಳಿಯುತ್ತಿತ್ತು.

ಮರುದಿನ ಬೆಳಗಾಗುತ್ತಲೇ ಅಪ್ಪ, ಅಕ್ಕ, ನಾನು ಹೊರಟೆವು. ಅಜ್ಜಿ ತಾಮ್ರದ ಪಾತ್ರೆ, ಸಾಮೆ ಅಕ್ಕಿ, ಸೌಟು ತಂದು ಬಾಗಿಲಲ್ಲಿಟ್ಟಳು. ಒಲೆಯ ಮೂರು ಕಲ್ಲುಗಳನ್ನು ಮಾತ್ರ, ದಾರಿಯಲ್ಲಿ ಸಿಗುತ್ತವೆಂದು, ದೊಡ್ಡ ಮನಸ್ಸು ಮಾಡಿ ಬಿಟ್ಟಿದ್ದಳು.

“ಬಿಸಿ ಕೂಳಿಲ್ಲದೆ ಬೆಟ್ಟಕ್ಕೆ ಹೋಗ್ತಾರೇನೋ? ನೀನೇನು ಕರಡಿಯಾ?”

“ಕರಡಿ ದಿನಾ ಬೆಟ್ಟ ಹತ್ತತದೆ ಅವ್ವಾ. ಪಾತ್ರೆ ಹೊರೋದಿಲ್ಲ,” ಎಂದ ಅಪ್ಪ.

ಹುರಿದ ರಾಗಿ ಹಿಟ್ಟು, ಒಂದು ಅಚ್ಚು ಬೆಲ್ಲ, ಅಷ್ಟೇ. ಗಂಟು ನನ್ನ ಹೆಗಲಿಗೆ ಬಂತು.

ಹುಲ್ಲಿನ ಮೇಲೆ ಹಿಮ ಬೆಳ್ಳಗಿತ್ತು. ಬರಿಗಾಲಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಇಳಿದಂತೆಲ್ಲ ಕೆಳಗಿನ ಬಿಸಿಗಾಳಿ ಒಣಹುಲ್ಲಿನ ವಾಸನೆ ತಂದಿತು. ತೊರೆಯ ಬಳಿ ಅಕ್ಕ ಎಲೆಯಲ್ಲಿ ಹಿಟ್ಟು ಕಲಸಿದಳು. ಅರ್ಧ ಗಾಳಿಗೆ ಹೋಯಿತು, ಅರ್ಧ ನನ್ನ ಮೂಗಿಗೆ, ಉಳಿದದ್ದು ಊಟ.

“ಅಜ್ಜಿ ಕೇಳಿದ್ರೆ ಊಟ ಚೆನ್ನಾಗಿತ್ತು ಅನ್ಬೇಕಾ ಅಪ್ಪಾ?” ಎಂದಳು ಅಕ್ಕ.

“ಊಟ ಆಯ್ತು ಅನ್ನು. ಸಾಕು.”

ಮಧ್ಯಾಹ್ನ ಪೊದೆಯೊಂದರ ಹಿಂದೆ ಎಮ್ಮೆ ಸಿಕ್ಕಿತು. ಆಗಲೇ ಕರು ಹಾಕಿತ್ತು. ನಾಲ್ಕು ಕಾಲುಗಳಲ್ಲಿ ಯಾವುದನ್ನು ನಂಬಬೇಕೆಂದು ಕರು ಇನ್ನೂ ತೀರ್ಮಾನಿಸಿರಲಿಲ್ಲ. ಎಮ್ಮೆಯ ಕೆಚ್ಚಲು ಬಿಗಿದಿತ್ತು. ಆ ಮೊದಲ ಹಾಲು ಕಾಸಿ ಬೆಲ್ಲ ಹಾಕಿದರೆ ಗಿಣ್ಣು. ನಮ್ಮಲ್ಲಿ ಬೆಲ್ಲವಿತ್ತು.

“ಗಿಣ್ಣು ಏತರಲ್ಲಿ ಕಾಸೋದು? ನಿನ್ನ ತಲೆಪೇಟದಲ್ಲಾ ಅಪ್ಪಾ?” ಅಕ್ಕ ನಕ್ಕಳು.

ಅಪ್ಪ ಕರುವನ್ನೆತ್ತಿ ಹೆಗಲ ಮೇಲೆ ಹಾಕಿಕೊಂಡ. “ಪಾತ್ರೆ ಹೊತ್ತಿದ್ರೆ ಇದನ್ನ ಎಲ್ಲಿ ಕೂರಿಸ್ತಿದ್ದೆ? ಸೌಟಿನ ಮೇಲಾ?”

ಏರು ದಾರಿಯುದ್ದಕ್ಕೂ ಎಮ್ಮೆ ಕರುವಿನ ವಾಸನೆ ಹಿಡಿದು ಅಪ್ಪನ ಬೆನ್ನಿಗಂಟಿಯೇ ಬಂತು. ಕರು ಅದೇ ಬೆನ್ನಿನ ಮೇಲೆ ಎರಡು ಸಲ ತನ್ನ ಅಭಿಪ್ರಾಯ ತಿಳಿಸಿತು. ಅಪ್ಪ ಎಲ್ಲೂ ನಿಲ್ಲಲಿಲ್ಲ.

ಮಕ್ಕಳೇ, ನೀವು ಒಂದೇ ದಿನದ ಮಟ್ಟಿಗೆ ಬೆಟ್ಟ ಹತ್ತಲು ಹೊರಟರೂ ಸ್ಟೋವ್, ನೂಡಲ್ಸ್, ಅದನ್ನು ಬೇಯಿಸುವ ಪಾತ್ರೆ, ಆ ಪಾತ್ರೆ ತಿಕ್ಕುವ ಪುಡಿ ಎಲ್ಲವನ್ನೂ ಹೊರುತ್ತೀರಿ. ತಪ್ಪೇನಿಲ್ಲ, ಆ ಇಳಿಜಾರಿನಲ್ಲಿ ಈಗ ಬಸ್ಸು ಓಡುತ್ತದೆ, ಕರು ಹೊರುವ ಪ್ರಸಂಗ ನಿಮಗೆ ಬರುವುದಿಲ್ಲ. ನಮಗೆ ಬಂದಿತ್ತು. ಸೂರ್ಯ ಮುಳುಗುವ ಮೊದಲು ಎಮ್ಮೆಯೂ ಕರುವೂ ಕೊಟ್ಟಿಗೆಯಲ್ಲಿದ್ದವು.