ದೊರೆಯ ಹುಲ್ಲು, ಮಾವನ ಹುಲ್ಲು

ಆ ಹುಲ್ಲು ಕತ್ತರಿಸುವ ಮೋಟಾರು ಮೆಷಿನನ್ನು ನಮ್ಮ ಮನೆಗೆ ತಂದದ್ದು ಮಾವನಲ್ಲ, ನನ್ನ ಗಂಟಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಮುಂದೆ ನಾನು ಮಾವನನ್ನೂ ಅಜ್ಜಿಯನ್ನೂ ಬಂದರಿನ ಅಂಗಡಿಯ ಸಾಹೇಬರನ್ನೂ ತಮಾಷೆ ಮಾಡುತ್ತ ಹೋದಾಗ, ಆ ಮನೆಯಲ್ಲಿ ಬುದ್ಧಿಯಿದ್ದವನು ಇವನೊಬ್ಬನೇ ಎಂದು ನೀವು ತಪ್ಪು ತಿಳಿಯಬಹುದು. ಕಂಡವರ ಸ್ವರವನ್ನು ಅಣಕಿಸಿ ತೆಗೆಯುವುದೊಂದೇ ಆಗ ನನಗಿದ್ದ ವಿದ್ಯೆ. ಬಸ್ಸಿನ ಕಂಡಕ್ಟರು, ಗಣಿತದ ಲೆಕ್ಚರರು, ಮೀನು ಮಾರುವ ಹೆಂಗಸು, ಯಾರನ್ನೂ ಬಿಟ್ಟವನಲ್ಲ. ನಿನ್ನದೇ ಸ್ವರ ಯಾವುದು ಎಂದು ಕೇಳಿದ್ದರೆ ತಡವರಿಸುತ್ತಿದ್ದೆನೋ ಏನೋ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ನದಿಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಗುಮಾಸ್ತರನ್ನು ನಮ್ಮಲ್ಲಿ ರೈಟರು ಎನ್ನುತ್ತಾರೆ. ಕಾರ್ಖಾನೆಯ ಮೇಲಿನ ಗುಡ್ಡದಲ್ಲಿ ಅದನ್ನು ನಡೆಸುವ ಬಿಳಿಯ ದೊರೆಯ ಬಂಗಲೆ, ಬಂಗಲೆಯ ಎದುರು ಹುಲ್ಲು. ನಾನು ಹುಲ್ಲು ಎಂದರೆ ಮಾವನಿಗೆ ಬೇಸರ. "ಅದು ಲಾನ್ ಮಾರಾಯ," ಎನ್ನುತ್ತಿದ್ದರು, ದೇವಸ್ಥಾನದೊಳಗೆ ಮಾತಾಡುವಷ್ಟು ಮೆಲ್ಲಗೆ. ದಿನಾ ಸಂಜೆ ಕಾಗದಗಳಿಗೆ ರುಜು ಹಾಕಿಸಲು ಅವರು ಗುಡ್ಡ ಹತ್ತಬೇಕು. ಗೇಟಿನ ಬಳಿ ಚಪ್ಪಲಿ ಕಳಚಬೇಕು. ಹುಲ್ಲನ್ನು ಅಡ್ಡ ದಾಟಿದರೆ ಜಗಲಿ ಅಲ್ಲೇ ಇದೆ, ಆದರೆ ರೈಟರು ಬರಿಗಾಲಲ್ಲಿ ಜಲ್ಲಿಯ ದಾರಿಯಲ್ಲಿ ಸುತ್ತಿ ಹೋಗಬೇಕು. ಹುಲ್ಲಿನ ಮೇಲೆ ಬೂಟ್ಸು ಹಾಕಿ ತಿರುಗುವ ಅಧಿಕಾರ ದೊರೆಯೊಬ್ಬನಿಗೆ.

ಒಂದು ಜಡಿಮಳೆಯ ಸಂಜೆ ಕಾಗದ ಒದ್ದೆಯಾಗುತ್ತದೆಂದು ಮಾವ ಅವಸರದಲ್ಲಿ ಒಂದು ಕಾಲನ್ನು ಹುಲ್ಲಿನ ಮೇಲಿಟ್ಟರು. ಜಗಲಿಯಿಂದ ಗುಡುಗು ಬಂತು: "ಕೀಪ್ ಆಫ್ ದ ಗ್ರಾಸ್, ರೈಟರ್!" ಕೊಡೆ ಹಿಡಿದು ಹಿಂದೆ ಹೋಗಿದ್ದ ನಾನು ಆ ಗುಡುಗನ್ನು ಅಲ್ಲೇ ಕಲಿತೆ. ಮಾವ ಕಲಿತದ್ದು ಬೇರೆ. ಮನೆಗೆ ಬರುವ ದಾರಿಯುದ್ದಕ್ಕೂ ಅವರು ಅವಮಾನದ ಮಾತೇ ಎತ್ತಲಿಲ್ಲ. "ಎಂತ ತಂಪು ಗೊತ್ತುಂಟಾ! ಕಾಲಿಗೆ ಹತ್ತಿ ಸಿಕ್ಕಿದ ಹಾಗೆ. ರಿಟೈರ್ ಆದ ಮೇಲೆ ನಮ್ಮ ಅಂಗಳದಲ್ಲಿ ಒಂದಿಷ್ಟು ಮಾಡ್ತೇನೆ. ಕುರ್ಚಿ ಹಾಕಿ ಒಂದು ಸಂಜೆಯಾದ್ರೂ ಕೂತ್ಕೊಳ್ಳಬೇಕು," ಎಂದರು.

ಆದರೆ ಕುಲಶೇಖರದಲ್ಲಿದ್ದ ನಮ್ಮ ಮನೆಯ ಅಂಗಳ ಅಜ್ಜಿಯದು. ಅಂಗಳದಲ್ಲಿ ಹುಲ್ಲಿದ್ದರೆ ಆ ಮನೆಯಲ್ಲಿ ಹೆಂಗಸರಿಲ್ಲ ಎಂದು ತಿಳಿಯುವ ಕಾಲದವರು ಅವರು. ಮಳೆ ಬಿಟ್ಟದ್ದೇ ಹಾರೆಯಿಂದ ಹುಲ್ಲು ಹೆರೆಸಿ, ಹಲಗೆಯಿಂದ ಮಣ್ಣು ಬಡಿಸಿ, ಸೆಗಣಿ ಸಾರಿಸಿ ಅಂಗಳವನ್ನು ತಟ್ಟೆಯಂತೆ ಮಾಡಿಸುತ್ತಿದ್ದರು. ಉಳ್ಳಾಲದ ಕಡೆಯ ಗದ್ದೆಯಿಂದ ಬಂದ ಭತ್ತವನ್ನು ಬೇಯಿಸಿ ಒಣಗಿಸುವುದು ಅಲ್ಲಿ; ದೀಪಾವಳಿಗೆ ಬಲೀಂದ್ರನನ್ನು, ಎಂದರೆ ಬಲಿ ಚಕ್ರವರ್ತಿಯನ್ನು, ಕೂಗಿ ಕರೆಯುವುದೂ ಅಲ್ಲಿ.

ರಿಟೈರಾದ ಮಾವನ ಆಸೆ ಕೇಳಿ ಅಜ್ಜಿ ವೀಳ್ಯದ ಎಲೆಯನ್ನು ಅರ್ಧದಲ್ಲೇ ನಿಲ್ಲಿಸಿದರು. "ಹುಲ್ಲು ಸಾಕುವುದಾ? ದನ ಸಾಕುವವರನ್ನು ನೋಡಿದ್ದೇನೆ ಮಗಾ. ಹುಲ್ಲು ಸಾಕುವವನನ್ನು ನೋಡಿದ್ದು ಇವತ್ತೇ."

"ಒಂದು ಮೂಲೆ ಸಾಕು ಅಮ್ಮಾ," ಎಂದರು ಮಾವ.

ಬಾವಿಕಟ್ಟೆಗೂ ಹಲಸಿನ ಮರಕ್ಕೂ ನಡುವಿನ ಮೂಲೆ ಸಿಕ್ಕಿತು; ಮಳೆಗೆ ತಾನಾಗಿ ಬರುವ ಹುಲ್ಲನ್ನು ಅಲ್ಲಿ ಹೆರೆಸದೆ ಬಿಡುವುದೆಂದಾಯಿತು. "ದೀಪಾವಳಿಯವರೆಗೆ ಮಾತ್ರ. ಬಲೀಂದ್ರ ಬರುವಾಗ ಅಂಗಳ ಬೋಳು ಇರಬೇಕು," ಎಂದು ಅಜ್ಜಿ ಎಲೆ ಬಾಯಿಗಿಟ್ಟರು.

ಅದೇ ವರ್ಷ ದೊರೆಯೂ ತನ್ನ ಸೀಮೆಗೆ ಹೊರಟ. ಬಂಗಲೆಯ ಸಾಮಾನು ಏಲಂ ಆಗುವುದಿತ್ತು, ಅದರಲ್ಲಿ ಹುಲ್ಲು ಕತ್ತರಿಸುವ ಮೆಷಿನು ಎರಡು: ಒಂದು ಕೈಯಲ್ಲಿ ದೂಡುವುದು, ಒಂದು ಮೋಟಾರಿನದ್ದು. ಯಾವುದು ಒಳ್ಳೆಯದೆಂದು ಕೇಳಲು ಮಾವ ಬಂದರಿಗೆ ಹೋದರು. ಅಲ್ಲಿ ಹಾರೆ, ಪಿಕಾಸಿ, ಕತ್ತಿ ಮಾರುವ ಬ್ಯಾರಿ ಸಾಹೇಬರು ಮಾವನ ಹಳೆಯ ಪರಿಚಯ.

"ಕೈಯದ್ದು ತೆಗೊಳ್ಳಿ ರೈಟರೇ," ಎಂದರು ಸಾಹೇಬರು. "ಮೋಟಾರಿನದ್ದು ಹಾಳಾದ್ರೆ ನೀವು ಮದ್ರಾಸಿಗೆ ಕಾಗದ ಬರೀಬೇಕು. ಕೈಯದ್ದು ಹಾಳಾದ್ರೆ ನನಗೆ ಬೈದ್ರೆ ಸಾಕು." ಅಲಗುಗಳ ನಡುವೆ ಕಾಗದದ ಚೂರು ಇಟ್ಟು ಚಕ್ರ ತಿರುಗಿಸಬೇಕಂತೆ, ಕತ್ತರಿಸಿದರೆ ಮೆಷಿನು ಒಳ್ಳೆಯದು, ಮಡಚಿದರೆ ಬಿಡಬೇಕು. "ಹೇಗೂ ಇರ್ಲಿ, ಹುಲ್ಲು ಕೊಯ್ಯುವ ಎರಡು ಕತ್ತಿ ಕೊಂಡುಹೋಗಿ."

"ಲಾನಿಗೆ ಕತ್ತಿಯಾ?" ಎಂದು ಮಾವ ನಕ್ಕು ಎದ್ದುಬಂದರು.

ಏಲಮ್ಮಿನ ದಿನ ಕೈಮೆಷಿನು ಕಾಗದವನ್ನು ಕ್ಷೌರಿಕನ ಕತ್ತಿಯಂತೆ ಸೀಳಿತು. ಮಾವ ಆ ಚೂರುಗಳನ್ನು ಬಿಸಾಡದೆ ಕಿಸೆಗೆ ಹಾಕಿಕೊಂಡರು. ಮೊದಲು ಕೂಗಿದ್ದು ಮೋಟಾರಿನದ್ದನ್ನು. ಮಾವ ಕೈಕಟ್ಟಿ ನೆಮ್ಮದಿಯಿಂದ ನಿಂತಿದ್ದರು. ದೊರೆ ಒಳಗೆ ಪೆಟ್ಟಿಗೆ ಕಟ್ಟಿಸುತ್ತಿದ್ದ. ಕಂಬದ ಹಿಂದೆ ನಿಂತಿದ್ದ ನನ್ನ ಗಂಟಲು ತುರಿಸಿತು. "ಟೇಕ್ ಇಟ್, ರೈಟರ್!" ಎಂದೆ, ಅದೇ ಗುಡುಗಿನಲ್ಲಿ.

"ಯೆಸ್ ಸರ್!" ಎಂದು ಮಾವನ ಕೈ ಮೇಲೆ ಹೋಯಿತು.

ಸುತ್ತಿಗೆ ಬಿತ್ತು. ಕೈಮೆಷಿನು ಬೇರೆ ಯಾರದೋ ಗಾಡಿ ಹತ್ತಿತು. ತಿರುಗಿ ನೋಡಿದಾಗ ಮಾವನಿಗೆ ಕಂಡದ್ದು ದೊರೆಯಲ್ಲ, ನಾನು. ಅವರು ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನೂ ಅವರ ಸ್ವರದಲ್ಲೇ ತಿರುಗಿಸಿ ಹೇಳಿ ನಗಿಸಿಬಿಡುತ್ತಿದ್ದೆ. ಎತ್ತಿನ ಗಾಡಿಯಲ್ಲಿ ಮೆಷಿನಿನ ಆಚೆ ಬದಿ ಅವರು, ಈಚೆ ಬದಿ ನಾನು ಕೂತು ಮನೆಗೆ ಬಂದೆವು.

ಆ ಮೆಷಿನು ಹಗ್ಗ ಎಳೆದಷ್ಟೂ ಕೆಮ್ಮುತ್ತಿತ್ತು. ಅದರ ಕೆಮ್ಮನ್ನು ನಾನು ಅದಕ್ಕಿಂತ ಚೆನ್ನಾಗಿ ಕೆಮ್ಮಬಲ್ಲೆ. ಮಳೆ ಕಡಿಮೆಯಾದ ಒಂದು ಬೆಳಿಗ್ಗೆ ಅದಕ್ಕೇನನಿಸಿತೋ, ಚಾಲೂ ಆಗಿ ಓಡಿಯೇಬಿಟ್ಟಿತು. ಹಿಡಿ ಬಿಡದ ಮಾವ ಮುಂಡು ಎತ್ತಿಕೊಂಡು ಹಿಂದೆ ಓಡಿದರು. ಅಜ್ಜಿಯ ಅಬ್ಬಲಿಗೆ ಗಿಡಗಳ ಸಾಲು ಬೋಳಾಯಿತು. ಬಾವಿಕಟ್ಟೆಯ ಕೆಂಪುಕಲ್ಲಿಗೆ ಬಡಿದು ಅಲಗು ಸೊಟ್ಟಗಾಯಿತು. ಆಮೇಲೆ ಅದು ಮಿಸುಕಲಿಲ್ಲ.

"ಕಂಬಳದ ಕೋಣವನ್ನಾದ್ರೂ ತಂದಿದ್ರೆ ಸೆಗಣಿ ಸಿಕ್ತಿತ್ತು," ಎಂದರು ಅಜ್ಜಿ.

ಹುಲ್ಲು ಮೊಣಕಾಲಿಗೆ ಬಂತು. ನವರಾತ್ರಿ ಕಳೆಯಿತು. ಮಾವ ಜಗಲಿಯಲ್ಲಿ ಕುರ್ಚಿಯನ್ನು ಆ ಮೂಲೆಗೆ ಬೆನ್ನು ಮಾಡಿ ಹಾಕಿಕೊಳ್ಳತೊಡಗಿದರು. ಅದನ್ನು ನೋಡಲಾರದೆ ನಾನೇ ಬಂದರಿಗೆ ಹೋಗಿ ಕತ್ತಿ ಕೇಳಿದೆ. "ಈ ಸಲ ಯಾರ ಸ್ವರದಲ್ಲಿ ಕೇಳ್ತಿದ್ದಿ?" ಎಂದರು ಸಾಹೇಬರು. ಊರಿಗೆಲ್ಲ ಸುದ್ದಿ ಮುಟ್ಟಿತ್ತು. ಆದರೂ ಹಿಡಿ ಅಲುಗಾಡದ, ಕೈಗೆ ಭಾರವಾಗದ ಎರಡು ಕತ್ತಿ ಆರಿಸಿ ಕೊಟ್ಟರು.

ನಾನೊಬ್ಬನೇ ಕುಕ್ಕರಗಾಲಲ್ಲಿ ಕೂತು ಕೊಯ್ಯತೊಡಗಿದೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಕತ್ತಿಯ ಸರಸರ ಕೇಳಿಸಿತು. "ಬುಡ ಬಿಟ್ಟು ಕೊಯ್ಯಿ ಮಾರಾಯ. ನೀನು ಕ್ಷೌರ ಮಾಡುವುದೋ, ಕುತ್ತಿಗೆ ಕೊಯ್ಯುವುದೋ?" ಏಲಮ್ಮಿನ ನಂತರ ಮಾವ ನನ್ನೊಡನೆ ನಗುತ್ತ ಆಡಿದ ಮೊದಲ ಮಾತು ಅದು. ದಿನಾ ಸಂಜೆ ಹಾಗೆ ಕೊಯ್ದು ಕೊಯ್ದು ಆ ಮೂಲೆ ತಗ್ಗುದಿಣ್ಣೆಯದಾದರೂ ಹಸಿರು ಹಚ್ಚಡವಾಯಿತು.

ಈಗ ಬೊಂಬಾಯಿಯ ಈ ಕೋಣೆಯಲ್ಲಿ, ಕಿಟಕಿ ತೆರೆದರೆ ಎದುರು ಮನೆಯ ಗೋಡೆ. ಸಂಜೆ ಆ ಸರಸರ ಸದ್ದು ಬೇಕೆನಿಸುತ್ತದೆ. ಅದನ್ನು ಬಾಯಲ್ಲಿ ಮಾಡಿ ನೋಡಿದ್ದೇನೆ, ಜತೆಯ ಹುಡುಗರು ಹಾವು ಎಂದುಕೊಂಡರು. ದೊರೆಯ ಗುಡುಗು ಈಗಲೂ ಬರುತ್ತದೆ, ಬೇಡವೆಂದರೂ. ತೀರಿಹೋದ ಮಾವನ ಸ್ವರ ಮಾತ್ರ ಎಷ್ಟು ತೆಗೆದರೂ ಬರುವುದಿಲ್ಲ.

ಆ ವರ್ಷದ ದೀಪಾವಳಿ ಹತ್ತಿರ ಬಂತು. ಮರುದಿನ ಹುಲ್ಲು ಹೆರೆಯಲು ಹಾರೆಯವರು ಬರುವವರಿದ್ದರು. ಆ ಸಂಜೆ ಮಾವ ಕುರ್ಚಿಯನ್ನು ಹುಲ್ಲಿನ ಮೇಲೆ ತಂದಿಟ್ಟು, ಚಪ್ಪಲಿ ದೂರ ಕಳಚಿ, ಎರಡು ಪಾದಗಳನ್ನೂ ಹುಲ್ಲಿಗೆ ಊರಿ ಕೂತರು. ಅಜ್ಜಿ ಜಗಲಿಯಲ್ಲಿ ಎಲೆ ಜಗಿಯುತ್ತ ನೋಡುತ್ತಿದ್ದರು. ನನಗೆ ಬುದ್ಧಿ ಬರುವುದುಂಟೇ? ಹಲಸಿನ ಮರದ ಹಿಂದೆ ನಿಂತು ಗುಡುಗಿದೆ: "ಕೀಪ್ ಆಫ್ ದ ಗ್ರಾಸ್, ರೈಟರ್!"

ಮಾವನ ಹಿಮ್ಮಡಿಗಳು ಥಟ್ಟನೆ ಮೇಲೆದ್ದವು. ಒಂದು ಗಳಿಗೆ ಹಾಗೇ ನಿಂತವು. ಆಮೇಲೆ ಮೆಲ್ಲಗೆ, ಒಂದಾದ ಮೇಲೊಂದು, ಹುಲ್ಲಿಗೆ ಇಳಿದವು. ಅವರು ತಿರುಗಿಯೂ ನೋಡದೆ ಹೇಳಿದರು:

"ಬೂಟ್ಸು ಹೊರಗೆ ಕಳಚಿಟ್ಟು ಬನ್ನಿ ದೊರೆಗಳೇ. ಇದು ನನ್ನ ಅಂಗಳ."